ಮಳೆಗಾಲದ ಕ್ಷೇತ್ರ ಕಾರ್ಯದಲ್ಲಿ ಗ್ರಾಮ ನಕ್ಷೆಗಳ ಸಂರಕ್ಷಣೆ

ಬದು ನಿರ್ಮಾಣ, ಕೃಷಿ ಹೊಂಡಕ್ಕೆ ಸ್ಥಳದ ಆಯ್ಕೆ, ಮಣ್ಣಿನ ಮಾದರಿ ಸಂಗ್ರಹ, ಬೆಳೆ ಹಾನಿಯ ಸಮೀಕ್ಷೆ ಮುಂತಾದ ಕಾರ್ಯಗಳಿಗೆ ಸರ್ವೆ ನಂಬರುಗಳನ್ನು ತೋರಿಸುವ ಗ್ರಾಮ ನಕ್ಷೆಯು ಅತ್ಯಗತ್ಯ. ಮೊಬೈಲ್‌ನಲ್ಲಿ ನಕ್ಷೆ ದೊರೆಯುವ ಈ ದಿನಗಳಲ್ಲಿಯೂ ಹತ್ತಾರು ರೈತರು ಒಟ್ಟಿಗೆ ಕುಳಿತು ಹಳ್ಳ, ಖರಾಬು ಮತ್ತು ಬದುಗಳನ್ನು ಗುರುತಿಸಲು ಕಾಗದದ ನಕ್ಷೆಯೇ ಅನುಕೂಲಕರ. ಆದರೆ ಈ ಕೆಲಸಗಳಲ್ಲಿ ಹೆಚ್ಚಿನವು ಮುಂಗಾರಿನ ಆಸುಪಾಸಿನಲ್ಲಿಯೇ ನಡೆಯುವುದರಿಂದ ನಕ್ಷೆಯು ತೇವ, ಕೆಸರು ಮತ್ತು ಬೆವರಿಗೆ ಸಿಲುಕಿ ಬೇಗನೆ ಹಾಳಾಗುತ್ತದೆ.

ಒಂದು ಮಿಲಿಮೀಟರಿನ ಬೆಲೆ

ನಮ್ಮ ರಾಜ್ಯದ ಅನೇಕ ಗ್ರಾಮ ನಕ್ಷೆಗಳ ಅಳತೆ ಪ್ರಮಾಣ 1:7920, ಅಂದರೆ ಒಂದು ಮೈಲಿಗೆ 8 ಅಂಗುಲ. ಈ ಪ್ರಮಾಣದಲ್ಲಿ ನಕ್ಷೆಯ ಮೇಲಿನ 1 ಮಿ.ಮೀ. ಎಂದರೆ ನೆಲದ ಮೇಲೆ 7.92 ಮೀಟರ್, ಸುಮಾರು 26 ಅಡಿ. ಒಂದು ಗುಂಟೆಯು 33 ಅಡಿ ಉದ್ದ, 33 ಅಡಿ ಅಗಲದ ಜಾಗ ಎಂಬುದನ್ನು ನೆನೆದರೆ, ಮಡಿಕೆಯಲ್ಲಿ ಸವೆದುಹೋದ ಒಂದು ಮಿ.ಮೀ. ಗೆರೆ ಎಷ್ಟು ನೆಲವನ್ನು ಮರೆಮಾಡುತ್ತದೆ ಎಂಬುದು ತಿಳಿಯುತ್ತದೆ.

ಕಾಗದದ ನಾರು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಹಿಗ್ಗುವಿಕೆಯು ಉದ್ದ ಮತ್ತು ಅಗಲಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ಹೊಸ ನಕ್ಷೆಯ ಚೌಕಟ್ಟಿನ ಉದ್ದ ಮತ್ತು ಅಗಲವನ್ನು ಅಳೆದು, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. 500 ಮಿ.ಮೀ. ಇದ್ದ ಚೌಕಟ್ಟು ಮಳೆಗಾಲದಲ್ಲಿ 503 ಮಿ.ಮೀ. ಆಗಿದ್ದರೆ, ಆ ದಿಕ್ಕಿನಲ್ಲಿ 10 ಸೆಂ.ಮೀ. ಗೆರೆಯನ್ನು ಅಳೆದಾಗ ನೆಲದ ಲೆಕ್ಕದಲ್ಲಿ ಸುಮಾರು 5 ಮೀಟರ್ ವ್ಯತ್ಯಾಸ ಬರುತ್ತದೆ. ಅಂತಹ ನಕ್ಷೆಯನ್ನು ಸ್ಥಳ ಗುರುತಿಸಲು ಮಾತ್ರ ಬಳಸಬೇಕು. ಗಡಿಯ ಬಗ್ಗೆ ತಕರಾರು ಇದ್ದಲ್ಲಿ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ತೀರ್ಮಾನಿಸದೆ, ಭೂಮಾಪನ ಇಲಾಖೆಗೆ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸುವುದೇ ಸರಿಯಾದ ಮಾರ್ಗ.

ಮೂಲ ಪ್ರತಿ ಮನೆಯಲ್ಲಿ, ನಕಲು ಹೊಲದಲ್ಲಿ

ಸಹಿ ಮತ್ತು ಮೊಹರು ಇರುವ ದೃಢೀಕೃತ ಪ್ರತಿಯನ್ನು ಹೊಲಕ್ಕೆ ಒಯ್ಯಬಾರದು. ಲ್ಯಾಮಿನೇಷನ್ ಕೂಡ ಮಾಡಿಸಬಾರದು. ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮುಂದೆ ಕಾಗದ ಹರಿಯದಂತೆ ತೆಗೆಯಲು ಸಾಧ್ಯವಿಲ್ಲ. ಕ್ಷೇತ್ರ ಬಳಕೆಗೆ ನಕಲು ತೆಗೆಸುವಾಗ ಈ ಅಂಶಗಳನ್ನು ಗಮನಿಸಿ.

1. ನೀರಿನಲ್ಲಿ ಕರಗುವ ಇಂಕ್‌ಜೆಟ್ ಮುದ್ರಣದ ಬಣ್ಣಗಳು ಒಂದೇ ಹನಿಗೆ ಹರಡುತ್ತವೆ. ಲೇಸರ್ ಮುದ್ರಣ ಅಥವಾ ಜೆರಾಕ್ಸ್ ಪ್ರತಿ ನೀರಿಗೆ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಅದರ ಪುಡಿಶಾಯಿ ಮಡಿಕೆಗಳಲ್ಲಿ ಉದುರುತ್ತದೆ.

2. ದೊಡ್ಡ ನಕ್ಷೆಯನ್ನು ಎ4 ಹಾಳೆಗೆ ಕುಗ್ಗಿಸಿದರೆ ಅದರ ಮೇಲೆ ಮುದ್ರಿತವಾದ 1:7920 ಎಂಬ ಪ್ರಮಾಣ ಅನ್ವಯಿಸುವುದಿಲ್ಲ. ನಕ್ಷೆಯಲ್ಲಿ ಅಳತೆ ಗೆರೆ ಇದ್ದರೆ ಅದನ್ನು ಕತ್ತರಿಸದೆ ಉಳಿಸಿಕೊಳ್ಳಿ; ನಕ್ಷೆಯೊಂದಿಗೆ ಅದೂ ಕುಗ್ಗುವುದರಿಂದ ಲೆಕ್ಕ ತಪ್ಪುವುದಿಲ್ಲ.

3. ನಕಲನ್ನು ಲ್ಯಾಮಿನೇಷನ್ ಮಾಡಿಸುವಾಗ ಕಾಗದದ ಸುತ್ತಲೂ ಕನಿಷ್ಠ 5 ಮಿ.ಮೀ. ಪ್ಲಾಸ್ಟಿಕ್ ಅಂಚು ಬಿಡಿಸಿ. ಅಂಚನ್ನು ಕಾಗದದವರೆಗೆ ಕತ್ತರಿಸಿದರೆ ನೀರು ಒಳಸೇರಿ ಹೊರಬರಲಾರದೆ ಬೂಷ್ಟು ಬೆಳೆಯುತ್ತದೆ. ಮಡಚಬೇಕಾದ ನಕ್ಷೆಯನ್ನು ಮೊದಲೇ ತುಂಡುಗಳಾಗಿ ಕತ್ತರಿಸಿ, ನಡುವೆ ಅಂತರ ಬಿಟ್ಟು ಲ್ಯಾಮಿನೇಷನ್ ಮಾಡಿಸಿದರೆ ಮಡಿಕೆಯು ಕಾಗದದ ಮೇಲೆ ಬೀಳುವುದಿಲ್ಲ.

ಹೊಲದಲ್ಲಿ ಬಳಸುವಾಗ

ಪಾರದರ್ಶಕ ಪಾಲಿಥಿನ್ ಲಕೋಟೆಯೊಳಗೆ ನಕ್ಷೆಯನ್ನಿಟ್ಟು, ಬೆನ್ನಿಗೆ ರಟ್ಟು ಕೊಟ್ಟು ಹಿಡಿಯಿರಿ. ಮೆತ್ತನೆಯ ಪಿವಿಸಿ ಹೊದಿಕೆಗೆ ಜೆರಾಕ್ಸ್ ಶಾಯಿ ಅಂಟಿಕೊಳ್ಳುವುದರಿಂದ ಅದು ಬೇಡ. ಖಾಲಿಯಾದ ಯೂರಿಯಾ ಚೀಲವನ್ನು ಕತ್ತರಿಸಿ ನಕ್ಷೆಗೆ ಸುತ್ತುವುದೂ ಸಲ್ಲದು. ಚೀಲದಲ್ಲಿ ಉಳಿದ ಯೂರಿಯಾ ಕಣಗಳು ಗಾಳಿಯ ತೇವವನ್ನು ಸೆಳೆದು ಕಾಗದವನ್ನು ಒದ್ದೆ ಮಾಡುತ್ತವೆ. ಗುರುತುಗಳನ್ನು ಪೆನ್ಸಿಲ್‌ನಿಂದಲೇ ಹಾಕಿ. ಜೆಲ್ ಪೆನ್ನಿನ ಬರಹ ನೀರಿಗೆ ಕದಡಬಹುದು. ಪೀಡೆನಾಶಕ ಮುಟ್ಟಿದ ಕೈಗಳಿಂದ ನಕ್ಷೆಯನ್ನು ಹಿಡಿಯಬೇಡಿ. ದಿನದ ಕೆಲಸ ಮುಗಿದ ಕೂಡಲೇ ಗುರುತು ಹಾಕಿದ ನಕ್ಷೆಯ ಛಾಯಾಚಿತ್ರ ತೆಗೆದಿಡಿ. ಖಾಲಿ ನಕ್ಷೆ ಮತ್ತೆ ದೊರೆಯುತ್ತದೆ. ರೈತರು ಒಪ್ಪಿ ಗುರುತಿಸಿದ ಬದು, ಹೊಂಡಗಳ ವಿವರಕ್ಕೆ ಬೇರೆ ಪ್ರತಿ ಇರುವುದಿಲ್ಲ.

ನಕ್ಷೆ ನೆನೆದರೆ

ಬಿಸಿಲಿಗೆ ಹಾಕುವುದು, ಒಲೆಯ ಬಳಿ ಇಡುವುದು, ಇಸ್ತ್ರಿ ಮಾಡುವುದು ಬೇಡ. ಕಾಗದ ಸೊಟ್ಟಗಾಗುತ್ತದೆ, ಗೆರೆಗಳು ಮಾಸುತ್ತವೆ. ಒದ್ದೆ ಕಾಗದಕ್ಕೆ ಬಲವಿಲ್ಲದ ಕಾರಣ ಕೈಯಿಂದ ನೇರವಾಗಿ ಎತ್ತದೆ, ಕೆಳಗೆ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆ ಸರಿಸಿ ಎತ್ತಿರಿ. ಸ್ವಚ್ಛವಾದ ಹತ್ತಿ ಬಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ. ಹಳೆಯ ವೃತ್ತಪತ್ರಿಕೆಯ ಶಾಯಿ ನಕ್ಷೆಗೆ ಹತ್ತುವುದರಿಂದ ಬಿಳಿ ಹಾಳೆಗಳನ್ನೇ ಬಳಸಿ. ಹೆಚ್ಚುಕಡಿಮೆ ಒಣಗಿದ ನಂತರ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಹಲಗೆ ಹೇರಿದರೆ ನಕ್ಷೆ ಸಮತಟ್ಟಾಗುತ್ತದೆ. ಈ ಕೆಲಸವನ್ನು ನೆನೆದ ದಿನವೇ ಆರಂಭಿಸಬೇಕು. ಎರಡು ದಿನ ತಡವಾದರೆ ಬೂಷ್ಟು ಹಿಡಿಯುವ ಸಂಭವ ಹೆಚ್ಚು.

ಸಂಗ್ರಹಣೆ

ನೀರಾವರಿಗೆ ಬಳಸಿ ಮಿಕ್ಕ 90 ಅಥವಾ 110 ಮಿ.ಮೀ. ಪಿವಿಸಿ ಕೊಳವೆಯ ತುಂಡಿಗೆ ಎರಡೂ ಬದಿ ಮುಚ್ಚಳ ಹಾಕಿದರೆ ಉತ್ತಮ ನಕ್ಷೆಪೆಟ್ಟಿಗೆಯಾಗುತ್ತದೆ. ನಕ್ಷೆಯನ್ನು ಸುರುಳಿ ಸುತ್ತಿ, ಹತ್ತಿ ಬಟ್ಟೆ ಹೊದಿಸಿ ಒಳಗಿಡಿ. ಸಂಪೂರ್ಣ ಒಣಗದ ನಕ್ಷೆಯನ್ನು ಮಾತ್ರ ಎಂದಿಗೂ ಮುಚ್ಚಿಡಬಾರದು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಆರ್ದ್ರತೆ ಶೇ. 70ನ್ನು ಮೀರುವುದು ಸಾಮಾನ್ಯವಾದ್ದರಿಂದ ಕೊಳವೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಡಿ. ಮಳೆ ಬಿಡುವು ಕೊಟ್ಟ ದಿನ ನಕ್ಷೆಯನ್ನು ಹೊರತೆಗೆದು ಗಾಳಿಗೆ ಹಿಡಿಯಿರಿ. ಹುಳುಗಳ ಬಾಧೆಗೆಂದು ಬೇವಿನ ಸೊಪ್ಪು ಇಡುವವರು ಚೆನ್ನಾಗಿ ಒಣಗಿದ ಎಲೆಯನ್ನೇ ಇಡಬೇಕು. ಹಸಿ ಎಲೆ ತಾನೇ ತೇವ ತರುತ್ತದೆ. ಹರಿದ ಭಾಗಕ್ಕೆ ಮೈದಾ ಅಂಟು ಹಚ್ಚಿದರೆ ಜಿರಲೆ ಮತ್ತು ಗೆದ್ದಲಿಗೆ ಆಹಾರವಾಗುತ್ತದೆ. ಪೆಟ್ಟಿಗೆಯನ್ನು ನೆಲಕ್ಕಾಗಲಿ, ಒದ್ದೆ ಗೋಡೆಗಾಗಲಿ ತಾಗದಂತೆ ಎತ್ತರದಲ್ಲಿಡಿ.

ವಿಸ್ತರಣಾ ಕಾರ್ಯಕರ್ತರು ಮುಂಗಾರು ಆರಂಭವಾಗುವ ಮೊದಲೇ ತಮ್ಮ ವ್ಯಾಪ್ತಿಯ ಗ್ರಾಮಗಳ ನಕ್ಷೆಗಳನ್ನು ಪರಿಶೀಲಿಸಿ, ಮಡಿಕೆಯಲ್ಲಿ ಸವೆದ ಪ್ರತಿಗಳನ್ನು ಬದಲಿಸಿಕೊಳ್ಳುವುದು ಸೂಕ್ತ. ಹಳೆಯ ಪ್ರತಿಯ ಮೇಲಿನ ಪೆನ್ಸಿಲ್ ಗುರುತುಗಳನ್ನು, ಅವುಗಳನ್ನು ಹಾಕಿದ ದಿನಾಂಕಸಹಿತ, ಹೊಸ ಪ್ರತಿಗೆ ವರ್ಗಾಯಿಸಿದ ನಂತರವೇ ಹಳೆಯದನ್ನು ವಿಲೇವಾರಿ ಮಾಡಬೇಕು.