ಹುಳಿ ಬಂದ ಹಿಂಡಿ, ಹಾಲು ಬಿಟ್ಟ ಮರಿ

ತಿಪಟೂರಿನ ಉಂಡೆ ಕೊಬ್ಬರಿ ಹುಟ್ಟುವುದು ಅಟ್ಟದ ಮೇಲೆ. ಬಲಿತ ಕಾಯನ್ನು ಮಟ್ಟೆ ಸುಲಿಯದೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿಟ್ಟರೆ ನೀರು ಇಂಗಿ, ತಿರುಳು ಚಿಪ್ಪಿನಿಂದ ಕಳಚಿಕೊಂಡು, ಅಲ್ಲಾಡಿಸಿದಾಗ ಗಡಗಡ ಎನ್ನುತ್ತದೆ. ಒಡೆದಾಗ ದುಂಡಗೆ ಬಂದದ್ದು ಎಪಿಎಂಸಿ ಯಾರ್ಡಿಗೆ, ಹೋಳಾದದ್ದು, ಕೌಟಾದದ್ದು ಎಣ್ಣೆ ಮಿಲ್ಲಿಗೆ. ಮಿಲ್ಲಿನಲ್ಲಿ ಎಣ್ಣೆ ಹೋದ ಮೇಲೆ ಉಳಿಯುವುದು ಹಿಂಡಿ. ಹಿಂಡಿ ಎಂದರೆ ಕರೆಯುವ ಹಸುವಿಗೆ ಎಂದೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಲೆಕ್ಕ. ಹಂದಿಮರಿಯ ನೆನಪು ಯಾರಿಗೂ ಬರುವುದಿಲ್ಲ.

ಬರಬೇಕು ಎನ್ನುವುದು ನನ್ನ ಮಾತು. ತಲೆಮಾರುಗಳಿಂದ ಹಂದಿ ಸಾಕಿಕೊಂಡು ಬಂದ ಕೊರಮ, ಕೊರಚ, ಹಂದಿಜೋಗಿ ಕುಟುಂಬಗಳಲ್ಲಿ ಹೆಚ್ಚಿನವರಿಗೆ ತೋಟವಿಲ್ಲ. ಕೊಬ್ಬರಿಯ ಬೆಲೆ ಏರಿದರೂ ಇಳಿದರೂ ಅದು ಬೇರೆಯವರ ಮಾತು. ಹೋಟೆಲ್, ಛತ್ರಗಳ ಉಳಿಕೆ ಅನ್ನವೇ ಹಂದಿಗೆ ಆಧಾರ. 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡ ಮೇಲೆ ಆ ಆಧಾರವೂ ಅಪಾಯದ್ದೇ ಆಯಿತು. ಚೆನ್ನಾಗಿ ಕುದಿಸದ ಉಳಿಕೆಯಲ್ಲಿ ಹಂದಿಮಾಂಸದ ಚೂರಿದ್ದರೆ ರೋಗ ಅದರ ಜೊತೆಗೇ ದೊಡ್ಡಿಗೆ ಬರುತ್ತದೆ, ಬಂದರೆ ಔಷಧಿಯಿಲ್ಲ.

ಮರಿಯ ಬದುಕಿನಲ್ಲಿ ಎಲ್ಲಕ್ಕಿಂತ ಕಷ್ಟದ ವಾರ ತಾಯಿಹಾಲು ಬಿಡಿಸಿದ ವಾರ. ಅದರ ಹೊಟ್ಟೆ ಇನ್ನೂ ಸಾಕಷ್ಟು ಆಮ್ಲ ಸುರಿಸಲು ಕಲಿತಿರುವುದಿಲ್ಲ. ಅಲ್ಲಿಯವರೆಗೆ ಹಾಲಿನ ಸಕ್ಕರೆಯೇ ಹುಳಿಯಾಗಿ ಆ ಕೊರತೆ ತುಂಬುತ್ತಿತ್ತು. ಹಾಲು ನಿಂತಿತೆಂದರೆ ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನಂತೆ ನಿಂತಿದ್ದ ಎಳೆಗಳು ಕುಗ್ಗುತ್ತವೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಜೀರ್ಣವಾಗದ ಪ್ರೋಟೀನು ಕೆಳಗಿಳಿದು ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಆಮೇಲೆ ಬೇದಿ. ಇದಕ್ಕೆ ಲೋಕವೆಲ್ಲ ಮೇವಿನಲ್ಲೇ ಆ್ಯಂಟಿಬಯಾಟಿಕ್ ಬೆರೆಸಿ ನೋಡಿತು. ಬೆಳವಣಿಗೆಗಾಗಿ ಹಾಗೆ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವುದನ್ನು ನಿಷೇಧಿಸಿತು. ಆಗ ಜನ ಹೊರಳಿ ನೋಡಿದ್ದು ಹುಳಿ ಬರಿಸಿದ ಮೇವಿನ ಕಡೆಗೆ.

ದೋಸೆ ಹಿಟ್ಟು, ಅಂಬಲಿ ಹುಳಿ ಬರಿಸುವ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಮೇವನ್ನು ಹುಳಿಯಾಗಿಸುತ್ತವೆ, ಮರಿಯ ಹೊಟ್ಟೆ ಮಾಡಲಾಗದ ಕೆಲಸದಲ್ಲಿ ಒಂದು ಪಾಲು ಬಾನಿಯಲ್ಲೇ ಮುಗಿದಿರುತ್ತದೆ. ಹೆಚ್ಚು ಪರೀಕ್ಷೆಗಳು ನಡೆದಿರುವುದು ಸೋಯಾ ಹಿಂಡಿಯ ಮೇಲೆ. ಹುದುಗಿಸಿದ ಸೋಯಾದಲ್ಲಿ ಎಳೆಯ ಕರುಳನ್ನು ಕೆರಳಿಸುವ ಪ್ರೋಟೀನುಗಳು ತುಂಡಾಗುತ್ತವೆ, ಹೊಟ್ಟೆ ಉಬ್ಬರಿಸುವ ಸಕ್ಕರೆಗಳು ಕರಗುತ್ತವೆ.

ನಮ್ಮ ಕೊಬ್ಬರಿ ಹಿಂಡಿಯ ತೊಡಕು ಬೇರೆ. ಅದರಲ್ಲಿ ಪ್ರೋಟೀನು ಶೇ 20ರಿಂದ 22, ಸೋಯಾದ ಅರ್ಧದಷ್ಟು. ನಾರು ಹೆಚ್ಚು. ಅದರಲ್ಲೂ ಮನ್ನಾನ್ ಎಂಬ ಗಟ್ಟಿ ಸಕ್ಕರೆಸರಪಳಿಯನ್ನು ಒಡೆಯುವ ಕಿಣ್ವ ಹಂದಿಯ ಹೊಟ್ಟೆಯಲ್ಲಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್, ಆಸ್ಪರ್ಜಿಲಸ್ ಜಾತಿಯ ಆಯ್ದ ತಳಿಗಳು ಅದನ್ನು ಒಡೆಯಬಲ್ಲವು. ಒಡೆದ ಚೂರುಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಮಜ್ಜಿಗೆ ಹಾಕಿ ನೆನೆಸಿಟ್ಟರೆ ಹುಳಿ ಬರುತ್ತದೆ, ಅದೂ ಒಳ್ಳೆಯದೇ. ಆದರೆ ಮನ್ನಾನ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಈ ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಕೊರತೆ ಲೈಸಿನ್ ಎಂಬ ಅಮೈನೊ ಆಮ್ಲದ್ದು. ಹಾಲು ಬಿಟ್ಟ ಮರಿಯ ಮೇವಿನಲ್ಲಿ ಶೇ 1.3ರ ಆಸುಪಾಸು ಇರಬೇಕಾದದ್ದು ಕೊಬ್ಬರಿ ಹಿಂಡಿಯಲ್ಲಿ ಅದರ ಅರ್ಧವೂ ಇಲ್ಲ. ಪ್ಯಾಕೆಟ್ಟಿನ ಲೈಸಿನ್ ಬೆರೆಸಬೇಕು, ಅದೂ ಹುಳಿ ಬಂದ ಮೇಲೆ. ಮೊದಲೇ ಹಾಕಿದರೆ ಬಾನಿಯ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತವೆ. ದ್ರವರೂಪದ ಹುಳಿಮೇವನ್ನು ಬಹುಕಾಲದಿಂದ ಬಳಸುತ್ತಿರುವ ಡೆನ್ಮಾರ್ಕಿನವರಿಗೂ ಈ ನಷ್ಟ ಗೊತ್ತು. ಹೀಗಾಗಿ ಕೊಬ್ಬರಿ ಹಿಂಡಿ ಮರಿಯ ಇಡೀ ಊಟವಾಗಲಾರದು. ರಾಗಿ, ಜೋಳ, ಸೋಯಾದ ಜೊತೆಗೆ ಒಂದು ಸಣ್ಣ ಪಾಲು, ಅಷ್ಟೇ.

ಕೌಟಿನ ಮಾತಿಗೆ ಮತ್ತೆ ಬರುತ್ತೇನೆ, ನನಗೆ ಭಯ ಇರುವುದು ಅಲ್ಲಿ. ಬೂಷ್ಟು ಹಿಡಿದ ಕೊಬ್ಬರಿಯನ್ನು ಹಿಂಡಿದಾಗ ಅಫ್ಲಾಟಾಕ್ಸಿನ್ ಎಂಬ ವಿಷದ ಬಹುಪಾಲು ಎಣ್ಣೆಯ ಜೊತೆ ಹೋಗದೆ ಹಿಂಡಿಯಲ್ಲೇ ಕೂರುತ್ತದೆ. ಹಸುವಿಗಿಂತ ಹಂದಿಮರಿಗೆ ಅದರ ಪೆಟ್ಟು ಜೋರು, ಮೊದಲು ಸೋಲುವುದು ಈಲಿ. ಹುಳಿ ಬರಿಸಿದರೆ ವಿಷ ಹೋಗುತ್ತದೆಂಬ ಭರವಸೆಯಿಲ್ಲ. ಮುಗ್ಗಲು ವಾಸನೆಯ ಹಿಂಡಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮನೆಗೆ ತರಬಾರದು.

ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಜಾನುವಾರು ಪೋಷಣೆಯ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿದೆ. ಅವರ ಮುಂದೆ ನಾನು ಇಡುವ ಬೇಡಿಕೆ ದೊಡ್ಡದೇನಲ್ಲ. ಹಂದಿ ಸಾಕುವವರ ದೊಡ್ಡಿಯಲ್ಲೇ ಒಂದೇ ಸೂಲಿನ ಮರಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಹುಳಿ ಹಿಂಡಿ ಸೇರಿದ ಮೇವು, ಇನ್ನೊಂದಕ್ಕೆ ಎಂದಿನದು. ವಾರಕ್ಕೊಮ್ಮೆ ತೂಕ. ಬೇದಿಯಾದ ದಿನಗಳನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಲು ಆ ಮನೆಯ ಹೆಂಗಸರೇ ಸಾಕು; ಯಾವ ಮರಿ ಸೊರಗಿತು ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೆ.