ನಾಲ್ಕು ನದಿಗಳ ತವರಿನಲ್ಲಿ ಒಂದು ಭಾನುವಾರ

ಬೆಂಗಳೂರಿನ ಸಂಸಾರವೊಂದಕ್ಕೆ ವಾರದಲ್ಲಿ ತನ್ನದೆಂದು ದೊರೆಯುವುದು ಒಂದೇ ದಿನ. ಉಳಿದ ದಿನಗಳು ಕಚೇರಿಗೂ ಶಾಲೆಗೂ ದಾರಿಯ ದಟ್ಟಣೆಗೂ ಸಂದುಹೋಗುತ್ತವೆ. ಆ ಒಂದು ದಿನವಾದರೂ ನಾಲ್ಕು ಗೋಡೆಗಳ ನಡುವೆ ಕಳೆಯದಿರಲೆಂದು ಬಯಸುವವರ ಕಣ್ಣು ಮೊದಲು ಹೊರಳುವುದು ನಂದಿಬೆಟ್ಟದ ಕಡೆಗೆ. ನಗರದಿಂದ ಸುಮಾರು 60 ಕಿಲೋಮೀಟರುಗಳ ದಾರಿ; ಸಮುದ್ರಮಟ್ಟದಿಂದ 1,478 ಮೀಟರುಗಳ ಎತ್ತರ. ನಸುಕಿನಲ್ಲಿ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಆದರೆ ನಂದಿಗೆ ಹೋಗಿಬಂದವರೆಲ್ಲ ನಂದಿಯನ್ನು ಕಂಡವರೆಂದು ಹೇಳಲಾಗದು. ಕತ್ತಲಲ್ಲೇ ವಾಹನವೇರಿ, ಮಂಜಿನ ನಡುವೆ ಸೂರ್ಯೋದಯದ ಚಿತ್ರ ತೆಗೆದು, ಬಿಸಿ ಕಾಫಿ ಕುಡಿದು, ಬಿಸಿಲೇರುವ ಮುನ್ನ ಇಳಿದುಬಿಡುವವರೇ ಬಹುಮಂದಿ. ಬೆಟ್ಟಕ್ಕೆ ಹೇಳಲು ಒಂದು ಕಥೆಯುಂಟು. ಅದು ನೀರಿನ ಕಥೆ. ಅದನ್ನು ಕೇಳಬೇಕಾದರೆ ಒಂದಿಷ್ಟು ನಡೆಯಬೇಕು, ಒಂದಿಷ್ಟು ನಿಲ್ಲಬೇಕು.

ಮೆಟ್ಟಿಲ ದಾರಿ

ಮೋಟಾರು ರಸ್ತೆ ಬರುವುದಕ್ಕೆ ಎಷ್ಟೋ ಮೊದಲೇ ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲುಗಳ ಹಾದಿಯಿತ್ತು. ಬುಡದ ಸುಲ್ತಾನ್‌ಪೇಟೆಯ ಕಡೆಯಿಂದ ಏರುವ ಈ ಹಾದಿಯಲ್ಲಿ ಸಾವಿರಕ್ಕೂ ಮೀರಿದ ಮೆಟ್ಟಿಲುಗಳಿವೆ. ಹಾದಿ ತೆರೆದಿದೆಯೇ ಎಂದು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಲೇಸು. ಮಕ್ಕಳು ಮೊದಲ ನೂರು ಮೆಟ್ಟಿಲುಗಳನ್ನು ಓಡುತ್ತಾರೆ. ಮುಂದಿನ ನೂರನ್ನು ಎಣಿಸುತ್ತಾರೆ. ಆಮೇಲೆ ತಾಯಿಯ ಸೆರಗು ಹಿಡಿಯುತ್ತಾರೆ. ಹಿರಿಯರು ಅವಸರ ಮಾಡದೆ, ಸುಸ್ತಾದಲ್ಲಿ ಕುಳಿತು, ನೀರು ಕುಡಿದು ಮುಂದುವರಿದರೆ ಯಾರಿಗೂ ಕಷ್ಟವಿಲ್ಲ. ಮೊಣಕಾಲಿನ ನೋವುಳ್ಳ ಅಜ್ಜ ಅಜ್ಜಿಯರಿಗೆ ರಸ್ತೆಯೇ ಇದೆ.

ಮೇಲೇರಿದಂತೆ ಗಾಳಿ ತಂಪಾಗುವುದನ್ನು ಮಕ್ಕಳಿಗೆ ತೋರಿಸಿಕೊಡಬಹುದು. ಸಾವಿರ ಮೀಟರು ಏರಿದರೆ ಉಷ್ಣತೆ ಸಾಮಾನ್ಯವಾಗಿ ಆರು ಡಿಗ್ರಿಗಳಷ್ಟು ಇಳಿಯುತ್ತದೆ. ಬುಡದಿಂದ ಇಲ್ಲಿಗೆ ಸರಿಸುಮಾರು ಅದರ ಅರ್ಧದಷ್ಟು ಏರು. ಈ ತಂಪನ್ನು ಬಯಸಿಯೇ ಟಿಪ್ಪು ಸುಲ್ತಾನನು ಇಲ್ಲಿ ಬೇಸಿಗೆಯ ಮನೆಯನ್ನಿಟ್ಟುಕೊಂಡಿದ್ದನು. ಅವನ ತಂದೆ ಹೈದರನ ಕಾಲದಿಂದ ಬಲಪಡಿಸುತ್ತ ಬಂದ ಈ ಕೋಟೆ 1791ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲಿಷರ ವಶವಾಯಿತು. ಮುಂದೆ ಇಂಗ್ಲಿಷ್ ಅಧಿಕಾರಿಗಳೂ ಬೇಸಿಗೆ ಕಳೆಯಲು ಇಲ್ಲಿಗೇ ಬಂದರು. ದೇಹಾರೋಗ್ಯ ಕೆಟ್ಟಿದ್ದ ಗಾಂಧೀಜಿ 1927ರಲ್ಲಿ ಇಲ್ಲಿ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೊಮ್ಮೆ ಬಂದರು.

ಮೋಡವನ್ನು ಹಿಂಡುವ ಮರಗಳು

ಬೆಟ್ಟದ ನೆತ್ತಿಯ ಮೇಲೆ ಒಂದು ಸಣ್ಣ ನಿತ್ಯಹರಿದ್ವರ್ಣದ ಕಾಡಿದೆ. ಸುತ್ತಲ ಬಯಲೆಲ್ಲ ಒಣನೆಲ. ಇಲ್ಲಿ ಮಾತ್ರ ಕೊಂಬೆಗಳಿಗೆ ಹಾವಸೆ, ನೆಲಕ್ಕೆ ಹಸಿ. ಬೆಟ್ಟಕ್ಕೆ ತಾಗುವ ಮೋಡ ಎಲೆಗಳ ಮೇಲೆ ಹನಿಗಟ್ಟಿ, ಮಳೆಯಿಲ್ಲದ ದಿನವೂ ತೊಟ್ಟಿಕ್ಕುತ್ತದೆ. ಆ ತೇವವನ್ನು ನಂಬಿ ಎಲ್ಲೋ ಮಲೆನಾಡಿನಲ್ಲಿರಬೇಕಾದ ನೀಲಗಿರಿ ಕಾಡುಪಾರಿವಾಳವೂ ಇಲ್ಲಿ ನೆಲೆಸಿದೆ. ಗದ್ದಲ ಮಾಡದೆ ಹತ್ತು ನಿಮಿಷ ಮರದಡಿ ನಿಲ್ಲುವ ಮಕ್ಕಳಿಗೆ ಹಕ್ಕಿ ಕಾಣದಿದ್ದರೂ ಹನಿಯ ಸದ್ದಂತೂ ಕೇಳಿಸೀತು.

ಈ ಗಿರಿಸಾಲಿನಲ್ಲಿಯೇ ನಾಲ್ಕು ನದಿಗಳ ಮೂಲ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರಕ್ಕೆ ಸಾಗಿ ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮಾರ್ಗವಾಗಿ ತಮಿಳುನಾಡಿಗೆ ಇಳಿಯುತ್ತದೆ. ಪಾಲಾರ್ ಕೋಲಾರದ ಸೀಮೆಯನ್ನು ದಾಟಿ ವೇಲೂರಿನತ್ತ ಹೋಗುತ್ತದೆ. ಅರ್ಕಾವತಿ ದಕ್ಷಿಣಕ್ಕೆ ಹರಿದು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಒಂದೇ ಮನೆಯ ಹೆಣ್ಣುಮಕ್ಕಳು ಬೇರೆಬೇರೆ ಊರುಗಳಿಗೆ ಸೇರಿಹೋದಂತೆ!

ಸೊಸೆಯಾಗಿ ಬಂದವಳು

ಆ ನಾಲ್ವರಲ್ಲಿ ಬೆಂಗಳೂರಿಗೆ ಸೊಸೆಯಾಗಿ ಬಂದವಳು ಅರ್ಕಾವತಿ. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಕೊಳವೆಗಳಲ್ಲಿ ಬಂದ ನೀರು ಅವಳದು. ಅದು ಸಾಲದಾದಾಗ, ಅರ್ಕಾವತಿಯೂ ಕುಮುದ್ವತಿಯೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಜಲಾಶಯ ಸಿದ್ಧವಾಯಿತು. ಅಜ್ಜಂದಿರ ಕಾಲದ ಬೆಂಗಳೂರು ಕುಡಿದು ಬೆಳೆದದ್ದು ಈ ಬೆಟ್ಟದ ಕಡೆಯ ನೀರನ್ನು. ಮುಂದೆ ನಗರ ಬೆಳೆಯಿತು. ನದಿಯ ಮೈಮೇಲೆ ಬಡಾವಣೆಗಳೆದ್ದವು, ಕಾಲುವೆಗಳು ಮುಚ್ಚಿದವು, ಕೊಳವೆಬಾವಿಗಳು ನೆಲದೊಳಗಿನ ಒರತೆಯನ್ನು ಬತ್ತಿಸಿದವು. ಇಂದು ಅರ್ಕಾವತಿ ವರ್ಷದ ಬಹುಭಾಗ ಹೆಸರಿಗಷ್ಟೆ ನದಿ.

1974ರಿಂದ ನಗರಕ್ಕೆ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರುಗಳಷ್ಟು ಎತ್ತರಕ್ಕೆ, ಮೂರು ಹಂತಗಳಲ್ಲಿ ಯಂತ್ರಗಳು ಆ ನೀರನ್ನು ಎತ್ತಿ ತರುತ್ತವೆ. ಐನೂರು ಮೀಟರೆಂದರೆ ಎಷ್ಟು? ಪುಸ್ತಕದಲ್ಲಿ ಓದಿದ ಮಗುವಿಗೆ ಅದು ಬರಿಯ ಅಂಕಿ. ನಂದಿಯ ಬುಡದಿಂದ ನೆತ್ತಿಗೆ ಕಾಲಿನಿಂದ ಏರಿದ ಮಗುವಿಗೆ ತಿಳಿಯುತ್ತದೆ: ಸರಿಸುಮಾರು ಇಷ್ಟೇ. ಮನೆಯ ನಲ್ಲಿಯಲ್ಲಿ ಬೀಳುವ ಕಾವೇರಿಯ ಪ್ರತಿ ಬಿಂದಿಗೆಯೂ ಇಂಥದೊಂದು ಬೆಟ್ಟವನ್ನು ಹತ್ತಿ ಬಂದದ್ದು.

ಇನ್ನೊಂದು ವಿಚಿತ್ರವೂ ಉಂಟು. ಬೆಟ್ಟದ ಸುತ್ತಲ ಚಿಕ್ಕಬಳ್ಳಾಪುರ ಸೀಮೆ ದ್ರಾಕ್ಷಿ, ರೇಷ್ಮೆ, ಹೂವು, ತರಕಾರಿಗಳನ್ನು ನಗರಕ್ಕೆ ಕೊಟ್ಟ ನೆಲ. ಅಲ್ಲಿನ ಕೆರೆಗಳು ಬತ್ತಿದಾಗ, ಈಚಿನ ವರ್ಷಗಳಲ್ಲಿ ಬೆಂಗಳೂರು ಬಳಸಿದ ನೀರನ್ನೇ ಶುದ್ಧೀಕರಿಸಿ, ಹೆಬ್ಬಾಳ–ನಾಗವಾರ ಕಣಿವೆಯಿಂದ ಆ ಕೆರೆಗಳಿಗೆ ಹರಿಸಲಾಗುತ್ತಿದೆ. ತವರಿನಿಂದ ಹೊಳೆಯನ್ನು ಪಡೆದ ನಗರ ಈಗ ತವರಿಗೆ ತೊಳೆದ ನೀರನ್ನು ಮರಳಿಸುತ್ತಿದೆ. ಇದರ ಲಾಭನಷ್ಟಗಳ ಚರ್ಚೆ ಏನೇ ಇರಲಿ, ಬೆಟ್ಟದ ಮೇಲೆ ನಿಂತು ಒಣಕೆರೆಗಳ ನಡುವೆ ಮಿನುಗುವ ಕೆರೆಯನ್ನು ಕಂಡಾಗ ತಂದೆಯಾದವನು ಮಗನಿಗೆ ಈ ಮಾತನ್ನು ಹೇಳಲೇಬೇಕು.

ಬುತ್ತಿ ಮತ್ತು ಭೋಗನಂದಿ

ಬುತ್ತಿಯ ಗಂಟನ್ನು ಬೆಟ್ಟದ ಮೇಲೆ ಬಿಚ್ಚದಿರುವುದೇ ಜಾಣತನ. ಅಲ್ಲಿನ ಕೋತಿಗಳಿಗೆ ಪುಳಿಯೋಗರೆಯ ವಾಸನೆ ಚೆನ್ನಾಗಿ ಗೊತ್ತು. ಕೈಚೀಲವನ್ನು ಕಿತ್ತುಕೊಳ್ಳಲು ಅವಕ್ಕೆ ಸಂಕೋಚವಿಲ್ಲ. ಬಂಡೆಯಂಚಿನ ಕಟಕಟೆಯನ್ನು ಮಕ್ಕಳು ದಾಟದಂತೆ ಒಬ್ಬರು ಕಣ್ಣಿಟ್ಟಿರಬೇಕು. ಮಳೆಗಾಲದಲ್ಲಿ ರಸ್ತೆಯ ಸ್ಥಿತಿಯನ್ನು ಕೇಳಿಕೊಂಡೇ ಹೊರಡಬೇಕು. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿ ಕೆಲವು ತಿಂಗಳು ಮುಚ್ಚಿತ್ತು. ಭಾನುವಾರ ಜನಸಂದಣಿ ವಿಪರೀತವಾದ್ದರಿಂದ, ಸಾಧ್ಯವಿದ್ದವರು ಬೇರೆ ರಜಾದಿನವನ್ನು ಆರಿಸಿಕೊಂಡರೆ ಇನ್ನೂ ಚೆನ್ನ.

ಮಧ್ಯಾಹ್ನದ ಬಿಸಿಲಿಗೆ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವೇ ತಕ್ಕ ತಾಣ. ಇಲ್ಲಿನ ಶಿವಾಲಯದ ಉಲ್ಲೇಖ ಒಂಬತ್ತನೆಯ ಶತಮಾನದ ಆರಂಭದ ಶಾಸನಗಳಲ್ಲಿಯೇ ಇದೆ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯವೆಂದು ಭಕ್ತರು ಹೇಳುವುದುಂಟು. ಉಮಾಮಹೇಶ್ವರನ ಗುಡಿಯ ಮುಂದಿನ ಕಲ್ಯಾಣಮಂಟಪದ ಕಂಬಗಳ ಕೆತ್ತನೆಯನ್ನು ನೋಡಲು ಅರ್ಧ ಗಂಟೆಯಾದರೂ ಬೇಕು. ಸುತ್ತಲೂ ಮೆಟ್ಟಿಲುಗಳಿರುವ ಶೃಂಗಿತೀರ್ಥವೆಂಬ ಕಲ್ಯಾಣಿಯ ಕತೆಯೂ ನೀರಿನದೇ: ನಂದಿಯು ಕೊಂಬಿನಿಂದ ನೆಲವನ್ನು ತಿವಿದಾಗ ಇಲ್ಲಿ ಪಿನಾಕಿನಿ ಚಿಮ್ಮಿದಳಂತೆ. ಹೊತ್ತಿದ್ದರೆ ಸಮೀಪದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯನ್ನೂ ಸಮಾಧಿಯನ್ನೂ ನೋಡಬಹುದು. ನೀರನ್ನು ನಿಲ್ಲಿಸುವ ವಿದ್ಯೆಯಲ್ಲಿ ನಾಡಿಗೆ ಹೆಸರು ತಂದ ಪುರುಷನು ಈ ಒಣಸೀಮೆಯಲ್ಲಿ ಹುಟ್ಟಿದ್ದು ಆಕಸ್ಮಿಕವಾದರೂ ಅರ್ಥಪೂರ್ಣವೇ ಸರಿ.

ಇಂಥ ಒಂದು ದಿನಕ್ಕೆ ಖರ್ಚು ಹೆಚ್ಚಿಲ್ಲ. ಬಸ್ಸಿನ ಚೀಟಿ, ಚಿತ್ರಾನ್ನ ಮೊಸರನ್ನದ ಡಬ್ಬಿ, ಗಟ್ಟಿಯಾದ ಪಾದರಕ್ಷೆ, ಕಸವನ್ನು ಮನೆಗೇ ಮರಳಿ ತರಲು ಒಂದು ಚೀಲ, ಇಷ್ಟಿದ್ದರೆ ಸಾಕು. ಮರುದಿನ ಕಾಲು ನೋಯುವುದು ನಿಜ. ಆದರೆ ಹಲ್ಲುಜ್ಜುವಾಗ ನಲ್ಲಿಯನ್ನು ತಾನಾಗಿಯೇ ತಿರುಗಿಸಿ ನಿಲ್ಲಿಸುವ ಮಗುವನ್ನು ಕಂಡ ತಾಯಿಗೆ, ಭಾನುವಾರ ವ್ಯರ್ಥವಾಗಲಿಲ್ಲವೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.