ಜೆಟ್ ದೋಣಿಯ ಐಡ್ಲಿಂಗ್ ತಪ್ಪಿದಾಗ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಗಳು ಹಿಮದ ಬೆಟ್ಟಗಳಿಂದಿಳಿದು, ಜಲ್ಲಿಕಲ್ಲಿನ ಹಾಸಿನ ಮೇಲೆ ಬಿಚ್ಚಿದ ಜಡೆಯ ಹಾಗೆ ಕವಲು ಕವಲಾಗಿ ಹರಿಯುತ್ತವೆ. ಎಷ್ಟೋ ಕಡೆ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ಪ್ರೊಪೆಲ್ಲರ್ ದೋಣಿ ಅಲ್ಲಿ ಮೊದಲ ಕಲ್ಲಿಗೇ ಸೋಲುತ್ತದೆ. ಐರಿಷ್‌ಮನ್ ಕ್ರೀಕ್ ಎಂಬಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದಕ್ಕೆ ದಾರಿ ಹುಡುಕಿದರು: ದೋಣಿಯ ತಳದಿಂದ ನೀರು ಹೀರಿ, ಹಿಂಬದಿಯ ನಾಝಲ್‌ನಿಂದ ರಭಸವಾಗಿ ಚಿಮ್ಮಿಸುವ ಪಂಪ್. ಚಿಮ್ಮುವ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ತಂದಾಗ ದೋಣಿಗೆ ನಿಜವಾದ ವೇಗ ಬಂತು. 1960ರಲ್ಲಿ ಇಂಥ ದೋಣಿಗಳು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಯ ಪ್ರವಾಹಕ್ಕೆ ಎದುರಾಗಿ ಏರಿದವು. 1977ರಲ್ಲಿ ಎಡ್ಮಂಡ್ ಹಿಲರಿ ಇವುಗಳಲ್ಲೇ ಬಂಗಾಳ ಕೊಲ್ಲಿಯಿಂದ ಹೊರಟು, ನಂದಪ್ರಯಾಗದ ಬಳಿ ಜಲಪಾತ ಅಡ್ಡ ಬರುವವರೆಗೆ ಗಂಗೆಯ ಮೇಲ್ಮುಖವಾಗಿ ಸಾಗಿದರು. ಜನ ಮೆಚ್ಚುವುದು ಆ ವೇಗವನ್ನು. ಆದರೆ ಜೆಟ್ ದೋಣಿ ರಿಪೇರಿ ಮಾಡುವವರ ಕಸುಬು ಪರೀಕ್ಷೆಗೊಳಗಾಗುವುದು ಎಂಜಿನ್ ಅತಿ ನಿಧಾನವಾಗಿ ತಿರುಗುವಾಗ, ಐಡ್ಲಿಂಗ್‌ನಲ್ಲಿ.

ಐಡ್ಲಿಂಗ್‌ನಲ್ಲಿ ನಡುಗುವ ಕಾರನ್ನು ಮುಂದಿನ ವಾರದವರೆಗೆ ಹೇಗೋ ಓಡಿಸಬಹುದು. ಜೆಟ್ ದೋಣಿಯಲ್ಲಿ ಆ ಸಲಿಗೆ ಇಲ್ಲ. ಅದಕ್ಕೆ ಬೇರೆ ಚುಕ್ಕಾಣಿ ಇರುವುದಿಲ್ಲ. ಚಿಮ್ಮುವ ನೀರನ್ನು ಎಡಕ್ಕೋ ಬಲಕ್ಕೋ ತಿರುಗಿಸಿಯೇ ದೋಣಿ ಹೊರಳಬೇಕು. ಕಲ್ಲಿನ ಹತ್ತಿರ ಬಂದಾಗ ಆಕ್ಸಿಲರೇಟರ್ ಬಿಟ್ಟು, ಆ ಕ್ಷಣವೇ ಎಂಜಿನ್ ನಿಂತುಹೋದರೆ ಸ್ಟೀರಿಂಗ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಇಲ್ಲಿ ಗೇರ್ ನ್ಯೂಟ್ರಲ್ ಕೂಡ ಇರದು. ಎಂಜಿನ್ ತಿರುಗುವಷ್ಟು ಹೊತ್ತೂ ಪಂಪ್ ತಿರುಗುತ್ತದೆ. ನಾಝಲ್ ಹಿಂದಿನ, ಬಕೆಟ್ ಎಂಬ ಮುಚ್ಚಳ ಅರ್ಧ ಇಳಿದು ನೀರನ್ನು ಹಿಂದಕ್ಕೂ ಮುಂದಕ್ಕೂ ಹಂಚುವುದರಿಂದ ಮಾತ್ರ ದೋಣಿ ಇದ್ದಲ್ಲೇ ನಿಲ್ಲುತ್ತದೆ.

ಎಂಜಿನ್ ಮತ್ತು ಪಂಪ್ ಹೀಗೆ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದಲೇ ದೋಷ ಯಾರದೆಂಬ ಗೊಂದಲ ಹುಟ್ಟುತ್ತದೆ. ಒಂದೂ ಬೋಲ್ಟ್ ಬಿಚ್ಚುವ ಮೊದಲು ವೇಗ ಏರಿಸಿ, ನಡುಕ ಹೇಗೆ ಬದಲಾಗುತ್ತದೆಂದು ಗಮನಿಸುವುದೇ ಸರಿಯಾದ ಮೊದಲ ಹೆಜ್ಜೆ ಎಂಬುದು ನನ್ನ ವಾದ. ಇದಕ್ಕೆ ಲೆಕ್ಕದ ಆಧಾರವಿದೆ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರವಾದ ಇಂಪೆಲ್ಲರ್ ಕೇಳುವ ಶಕ್ತಿ ತಿರುಗುವ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 4000 ಆರ್‌ಪಿಎಂನಲ್ಲಿ 300 ಅಶ್ವಶಕ್ತಿ ನುಂಗುವ ಪಂಪ್, ಐದನೇ ಒಂದು ಭಾಗ ವೇಗದಲ್ಲಿ, ಅಂದರೆ 800ರಲ್ಲಿ, ಕೇಳುವುದು ಅದರ 125ನೇ ಒಂದು ಭಾಗ. ಎರಡೂವರೆ ಅಶ್ವಶಕ್ತಿಗೂ ಕಡಿಮೆ. ಅಷ್ಟು ಹಗುರವಾದ ಹೊರೆ ಆರೋಗ್ಯವಾಗಿರುವ ಎಂಜಿನ್ನನ್ನು ಅಲುಗಾಡಿಸಲಾರದು. ಇಂಪೆಲ್ಲರ್‌ನ ಅಂಚು ಕಲ್ಲಿಗೆ ತಾಗಿ ಮುಕ್ಕಾಗಿದ್ದರೆ, ಹೀರುವ ಜಾಲರಿಗೆ ಪಾಚಿ ಅಡರಿದ್ದರೆ, ಬೇರಿಂಗ್ ಸವೆದಿದ್ದರೆ ನಡುಕ ವೇಗದೊಂದಿಗೆ ಬೆಳೆಯುತ್ತದೆ. ಐಡ್ಲಿಂಗ್‌ನಲ್ಲಿ ಕುಂಟುತ್ತಿದ್ದು ವೇಗ ಏರಿದಂತೆ ಸಲೀಸಾದರೆ ಹುಡುಕಬೇಕಾದದ್ದು ಎಂಜಿನ್‌ನಲ್ಲಿ. ಒಂದು ಅಪವಾದವಿದೆ: ಪಂಪಿನಲ್ಲಿ ಕಲ್ಲೋ ಹಗ್ಗವೋ ಸಿಕ್ಕಿಕೊಂಡು ಶಾಫ್ಟ್ ಬಿಗಿದಿದ್ದರೆ ಐಡ್ಲಿಂಗ್ ಕೂಡ ಸೋಲಬಹುದು. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಶಾಫ್ಟನ್ನು ಕೈಯಿಂದ ತಿರುಗಿಸಿದರೆ ಆ ಅನುಮಾನವೂ ತೀರುತ್ತದೆ.

ಎಂಜಿನ್‌ನ ಕಡೆ ಬಂದರೆ ಸಾಕ್ಷಿಗಳು ಧಾರಾಳ. ಕಾರ್ಬುರೇಟರ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಹಾಯುವ ರಂಧ್ರ ಬಲು ಸಣ್ಣದು. ಟ್ಯಾಂಕಿನ ಕಸ ಮೊದಲು ಮುಚ್ಚುವುದು ಅದನ್ನೇ. ಇನ್‌ಟೇಕ್ ಗ್ಯಾಸ್ಕೆಟ್ ಸೋರಿ ಒಳನುಗ್ಗುವ ಗಾಳಿ ವೇಗದಲ್ಲಿ ಲೆಕ್ಕಕ್ಕೇ ಬಾರದು, ಐಡ್ಲಿಂಗ್‌ನಲ್ಲಿ ಮಿಶ್ರಣವನ್ನೇ ಕೆಡಿಸುತ್ತದೆ. ಎಷ್ಟೋ ದೋಣಿಗಳಲ್ಲಿ ಪಂಪಿನಿಂದ ಬರುವ ತಣ್ಣನೆಯ ನದಿನೀರೇ ಎಂಜಿನ್ನನ್ನು ತಂಪು ಮಾಡುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಪ್ಲಗ್ ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ತುಕ್ಕಿನ ಚುಕ್ಕೆ ಕಂಡರೆ ಒಳಗೆ ನೀರು ಬಂದಿದೆ. ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಡೆದು ನೋಡುವ ಹಳೆಯ ಕ್ರಮ ಇವತ್ತಿಗೂ ನಂಬಿಗಸ್ತ: ಯಾವುದನ್ನು ತಡೆದಾಗ ವೇಗ ಇಳಿಯುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಬಿಟ್ಟಿತ್ತು. ಇದನ್ನೆಲ್ಲ ಮಾಡುವ ಮೊದಲು ಬ್ಲೋಯರ್ ಹಾಕಿ ಒಳಗಿನ ಗಾಳಿ ಹೊರಹಾಕಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತಿರುತ್ತದೆ, ಒಂದು ಕಿಡಿ ಸಾಕು.

ಈಗಿನ ಎಂಜಿನ್‌ಗಳಿಗೆ ಸ್ಕ್ಯಾನರ್ ಚುಚ್ಚಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸ್ಕ್ಯಾನರ್ ಉಪಯುಕ್ತ, ಅದನ್ನು ಬಿಡಬೇಕಿಲ್ಲ. ಆದರೆ ಇಂತಿಂಥ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದಷ್ಟೇ ಅದು ಹೇಳೀತು. ಕಾರಣ ಪ್ಲಗ್ಗೋ ಇಂಜೆಕ್ಟರೋ ವಾಲ್ವೋ ಎಂಬುದನ್ನು ಮನುಷ್ಯನೇ ಹುಡುಕಬೇಕು. ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸಿದರಾಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಅದರಿಂದ ನಡುಕ ಮರೆಯಾಗುತ್ತದೆ, ದೋಷ ಉಳಿಯುತ್ತದೆ. ಜೊತೆಗೆ ಬಕೆಟ್ ಎಷ್ಟು ಇಳಿಸಿದರೂ ದೋಣಿ ಜೆಟ್ಟಿಯ ಬಳಿ ತೆವಳತೊಡಗುತ್ತದೆ. ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ರೇಸಿನ ಕ್ಯಾಮ್‌ಶಾಫ್ಟ್ ಹಾಕಿದ ವಿ8 ಎಂಜಿನ್‌ಗೆ ಕುಲುಕುವುದೇ ಸಹಜ, ಅದನ್ನು ರೋಗವೆನ್ನಬಾರದು. ಮಾತು ನಿಜ. ಆ ಕ್ಯಾಮ್‌ನಲ್ಲಿ ಎರಡು ವಾಲ್ವ್‌ಗಳೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚು. ಆದರೆ ತಂಪಿಗೆಂದು ಎಕ್ಸಾಸ್ಟ್‌ನೊಳಗೆ ನೀರು ಬಿಡುವ ದೋಣಿಗಳಲ್ಲಿ, ಅದೇ ಹೊತ್ತಿನಲ್ಲಿ, ಐಡ್ಲಿಂಗ್‌ನ ನಿಧಾನದಲ್ಲಿ, ಹೊಗೆಯ ಅಲೆ ಹಿಂದಕ್ಕೆ ಬಡಿದು ನೀರಿನ ಹನಿಗಳನ್ನು ಸಿಲಿಂಡರಿಗೇ ಎಳೆದೊಯ್ಯಬಲ್ಲದು. ವಾಲ್ವ್‌ಗೆ ತುಕ್ಕು ಹಿಡಿದು ಕ್ರಮೇಣ ನಿಜವಾದ ಮಿಸ್ ಶುರುವಾಗುತ್ತದೆ. ಆದ್ದರಿಂದ ಅಂಥ ಎಂಜಿನ್ ಕುಲುಕಲಿ, ಆದರೆ ಕುಲುಕು ಒಂದೇ ಲಯದಲ್ಲಿದೆಯೇ ಎಂದು ಕೇಳಿಸಿಕೊಳ್ಳಬೇಕು. ನಡುನಡುವೆ ಲಯ ತಪ್ಪಿದರೆ ಪ್ಲಗ್‌ಗಳನ್ನು ಅಂದೇ ಬಿಚ್ಚಿ ನೋಡಬೇಕು.